ಮಡಿಕೇರಿಯಲ್ಲಿ ಮಾರ್ಗದರ್ಶಕರೊಂದಿಗೆ ಊಟದ ನಡಿಗೆ

ಕೊಡಗಿನ ಅರಸ ಮುದ್ದುರಾಜನು 1681ರಲ್ಲಿ ರಾಜಧಾನಿಯಾಗಿಸಿಕೊಂಡ ಮಡಿಕೇರಿಯನ್ನು ಅದರ ಅಡುಗೆಯ ಮೂಲಕ ಅರಿಯಬಯಸುವವರು ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು, ತಮ್ಮೊಡನೆ ಮಾಂಸ ಸೇವಿಸದವರು ಇದ್ದಾರೆಯೇ, ಏರುದಾರಿಯಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ಮೊದಲೇ ತಿಳಿಸಬೇಕು. ಶುಕ್ರವಾರದ ಸಂತೆಯ ದಿನವಾದರೆ ಉತ್ತಮ. ಬೆಳಿಗ್ಗೆ ಕೋಟೆಯಿಂದ ಹೊರಟು, 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನು ನೋಡಿ, ಆಮೇಲೆ ಊಟಕ್ಕೆ ಕೂರಿರಿ. ಹಂದಿಮಾಂಸದ ಪಲ್ಯವಾದ ಪಂದಿಕರಿಯನ್ನು ಕಡಂಬುಟ್ಟಿನೊಂದಿಗೇ ಕೇಳಿ ಪಡೆಯಿರಿ. ಅಕ್ಕಿತರಿಯ ಆ ಉಂಡೆಗಿಂತ ಒಳ್ಳೆಯ ಜೊತೆ ಅದಕ್ಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಕರಿಗೆ ಹುಳಿಯನ್ನೂ ಕಡುಗಪ್ಪನ್ನೂ ತರುವುದರಲ್ಲಿ ಮುಖ್ಯವಾದುದು, ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿ ಮಾಡುವ ಕಾಚಂಪುಳಿ. ಅದರ ಒಂದು ಹನಿಯನ್ನು ಮೊದಲು ಬೇರೆಯಾಗಿ ನಾಲಗೆಗಿಟ್ಟುಕೊಂಡು ನೋಡಿದರೆ, ಕರಿಯಲ್ಲಿ ಅದರ ಪಾತ್ರವೇನೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಸಸ್ಯಾಹಾರಿಗಳು ಅಕ್ಕಿಯ ಶಾವಿಗೆಯಾದ ನೂಲ್‌ಪುಟ್ಟನ್ನೂ, ಮಳೆಗಾಲವಾದರೆ ಕಳಲೆಯ (ಎಳೆಬಿದಿರಿನ) ಕರಿಯನ್ನೂ ಕೇಳಬಹುದು.