ಬಾಣಂತಿಗೆ ನಾನು ಕೇಳದೆ ಬಿಟ್ಟ ಪ್ರಶ್ನೆ

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಉಪಕೇಂದ್ರದಲ್ಲಿ ನಾನು ನರ್ಸಮ್ಮ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿಯೊಬ್ಬಳ ಮನೆಗೆ 14ನೇ ದಿನ ಹೋಗಿದ್ದೆ. ಮಗುವಿನ ತೂಕ ನೋಡಿದೆ, ಹೊಕ್ಕುಳ ನೋಡಿದೆ, ಹಾಲು ಸರಿಯಾಗಿ ಕುಡಿಯುತ್ತಾ ಎಂದು ಕೇಳಿದೆ. ಕೊನೆಗೆ ಅವಳಿಗೆ, "ಆರಾಮ ಇದ್ದೀಯೇನವ್ವ?" ಎಂದೆ. ಉತ್ತರ ಕೊಟ್ಟಿದ್ದು ಅವಳ ತಾಯಿ: "ಆರಾಮ ಅದಾಳ್ರಿ." ನಾನು ಬರೆದುಕೊಂಡು ಎದ್ದುಬಂದೆ.

ಒಂದೂವರೆ ತಿಂಗಳಿಗೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಳು. ಎಲ್ಲರೂ ಹೋಗುವವರೆಗೆ ಕಾದು ಕೂತು, ತಲೆ ತಗ್ಗಿಸಿ ಹೇಳಿದಳು: "ಎರಡಕ್ಕ ಬಂದ್ರ ತಡಿಯಾಕ ಆಗಂಗಿಲ್ರಿ ಸಿಸ್ಟರ್." ಬಟ್ಟೆ ಕೆಡುತ್ತದೆ ಎಂದು ಅವಳು ಊಟವನ್ನೇ ಕಡಿಮೆ ಮಾಡಿದ್ದಳು. ಎದೆಹಾಲು ಕುಡಿಸುವ ತಾಯಿ ದಿನಕ್ಕೆ ಒಂದೇ ರೊಟ್ಟಿ ತಿನ್ನುತ್ತಿದ್ದಳು! ಹೆರಿಗೆ ಆದವರಿಗೆಲ್ಲ ಹೀಗೇ ಆಗುತ್ತದೆ ಎಂದುಕೊಂಡಿದ್ದಳು.

ತಾಲ್ಲೂಕು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮಗುವಿನ ತಲೆ ಹೊರಬರುವಾಗ ಹರಿದ ಜಾಗ ಗುದದ್ವಾರದ ಸುತ್ತಲಿನ ಸ್ನಾಯುವಿನವರೆಗೂ ಹೋಗಿತ್ತು. ಹೆರಿಗೆ ಆದ ಕಡೆ ಮೇಲಿನ ಚರ್ಮಕ್ಕಷ್ಟೇ ಹೊಲಿಗೆ ಬಿದ್ದಿತ್ತು. ಹೆರಿಗೆ ಆದ ಕೂಡಲೇ ಒಳ್ಳೆ ಬೆಳಕಿನಲ್ಲಿ, ಗುದದ್ವಾರದಲ್ಲೂ ಬೆರಳಿಟ್ಟು ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಆಗಲೇ ಸರಿಯಾಗಿ ಹೊಲಿದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಇವಳಿಗೆ ಕೆಲವು ತಿಂಗಳ ನಂತರ ಆಪರೇಷನ್ ಮಾಡಬೇಕಾಯಿತು. ಈಗ ಪೂರ್ತಿ ಅಲ್ಲದಿದ್ದರೂ ಬಹಳಷ್ಟು ಹಿಡಿತ ಬಂದಿದೆ.

ಆ 14ನೇ ದಿನ ನನ್ನನ್ನು ಈಗಲೂ ಕಾಡುತ್ತದೆ. ಆವತ್ತೂ ಅವಳು ಒಂದೇ ಕಡೆ ವಾಲಿ ಕೂತಿದ್ದಳು. ಹಗ್ಗದ ಮೇಲೆ ತೊಳೆದ ಬಟ್ಟೆ ಜಾಸ್ತಿ ಇತ್ತು. ಕಣ್ಣಿಗೆ ಬಿದ್ದಿತ್ತು, ಕೇಳಲಿಲ್ಲ.

ಅಲ್ಲಿಂದ ನಾನು ಕೇಳುವ ರೀತಿಯನ್ನೇ ಬದಲಿಸಿದೆ. "ಆರಾಮಾ?" ಎಂದರೆ ಯಾವ ಬಾಣಂತಿಯೂ ಇಲ್ಲ ಅನ್ನುವುದಿಲ್ಲ. ಈಗ ನೇರವಾಗಿ ಕೇಳುತ್ತೇನೆ. ಕೆಮ್ಮಿದಾಗ, ಸೀನಿದಾಗ ಒಂದಕ್ಕೆ ಸೋರುತ್ತಾ? ಮಲಗಿದ್ದಾಗಲೂ ತಾನಾಗೇ ಸೋರುತ್ತಾ? ಗಾಳಿ ಬಂದರೆ ತಡೆಯಲು ಆಗುತ್ತಾ? ಗರ್ಭಕೋಶ ಇಳಿದು ಕೆಳಗೆ ಏನೋ ಜಾರಿದ ಹಾಗೆ ಅನ್ನಿಸುತ್ತಾ? ಹಿರಿಯರು ಪಕ್ಕದಲ್ಲಿದ್ದರೆ ಬಾಯಿ ಬಿಡುವುದಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ ಆ ಹಿರಿಯರನ್ನು ಮಗುವಿನ ವಿಷಯ ಮಾತಾಡುತ್ತಾ ಪಡಸಾಲೆಗೆ ಕರೆದುಕೊಂಡು ಹೋಗುತ್ತಾಳೆ. ಒಳಗೆ ನಾವಿಬ್ಬರೇ.

ತಾನಾಗೇ ಸೋರುತ್ತದೆ ಎಂದರೆ ಆವತ್ತೇ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ. ಮೂತ್ರಚೀಲಕ್ಕೆ ತೂತು ಬಿದ್ದಿರಬಹುದು. ಫಿಸ್ಟುಲಾ ಎನ್ನುತ್ತಾರೆ. ಬೇಗ ಬಂದರೆ, ತೂತು ಸಣ್ಣದಿದ್ದರೆ, ಕೆಲವು ವಾರ ನಳಿಕೆ ಹಾಕಿ ಮೂತ್ರ ಹೊರಬಿಟ್ಟರೇ ಕೆಲವರಿಗೆ ಮುಚ್ಚಿಕೊಳ್ಳುತ್ತದೆ. ತಡವಾದರೆ ಆಪರೇಷನ್ನೇ ಬೇಕು.

ಹೆರಿಗೆಗೆ ಮೊದಲೇ ಹೇಳಬೇಕಾದದ್ದನ್ನು ಅಂಗನವಾಡಿಯಲ್ಲಿ ಕುಬಸ (ಸೀಮಂತ) ಮಾಡುವ ದಿನ ಹೇಳುತ್ತೇನೆ. ಬಸುರಿ, ಅವಳ ತಾಯಿ, ಅತ್ತೆ ಮೂವರೂ ಒಂದೇ ಕಡೆ ಸಿಗುತ್ತಾರೆ. ಎಲ್ಲರಿಗೂ ಹೆಬ್ಬೆರಳಿನ ಉಗುರು ಒತ್ತಿ ಹಿಡಿಯಲು ಹೇಳುತ್ತೇನೆ. ಉಗುರು ಬೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಕೆಂಪಾಗುತ್ತದೆ. "ಮಗುವಿನ ತಲೆ ಸಿಕ್ಕಿಹಾಕಿಕೊಂಡರೆ ಒಳಗೂ ಹೀಗೇ. ತಲೆಗೂ ಎಲುಬಿಗೂ ನಡುವೆ ಮೂತ್ರಚೀಲ ಒತ್ತಿಹೋಗುತ್ತದೆ, ರಕ್ತ ಓಡುವುದಿಲ್ಲ. ತಾಸುಗಟ್ಟಲೆ ಹಾಗೇ ಇದ್ದರೆ ಆ ಜಾಗ ಸತ್ತುಹೋಗುತ್ತದೆ. ಕೆಲವು ದಿನಕ್ಕೆ ಅದು ಕಳಚಿ ತೂತಾಗುತ್ತದೆ." ಯಾವ ಚಾರ್ಟು ತೋರಿಸಿದರೂ ಇಷ್ಟು ಅರ್ಥ ಆಗುತ್ತಿರಲಿಲ್ಲ.

ಅದಕ್ಕೇ, ಚೊಚ್ಚಲು ಅಂದ್ರೆ ತಡ ಆಗುತ್ತೆ ಬಿಡು ಎಂದು ಮನೆಯಲ್ಲಿ ಕಾಯುವುದು ಬೇಡ ಎನ್ನುತ್ತೇನೆ. ನೋವು ಬಿಟ್ಟೂ ಬಿಟ್ಟು ಬರತೊಡಗಿದರೆ, ನೀರು ಒಡೆದರೆ, 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಹಿಡಿದು ಹೊರಡಿ. ನೋವಿನ ನಡುವೆ ಆಗಾಗ ಒಂದಕ್ಕೆ ಹೋಗಲಿ. ಹೊಟ್ಟೆಯನ್ನು ಮೇಲಿಂದ ಒತ್ತಲು ಯಾರಿಗೂ ಬಿಡಬೇಡಿ. ತಲೆ ಕಾಣಿಸಿಕೊಂಡಾಗ ಜೋರಾಗಿ ತಿಣುಕುವುದನ್ನು ನಿಲ್ಲಿಸಿ, ಬಾಯಿಂದ ಉಸಿರು ಬಿಡುತ್ತಾ ತಲೆ ನಿಧಾನ ಬರಲು ಬಿಟ್ಟರೆ ಹರಿಯುವುದು ಕಡಿಮೆ. ಎಲ್ಲರಿಗೂ ಯೋನಿದ್ವಾರ ಕೊಯ್ದೇ ಹೆರಿಗೆ ಮಾಡಿಸಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೂ ಹೇಳಿದೆ.

ಬಾಣಂತಿಗೆ ನೀರು ಕಮ್ಮಿ ಕೊಡುವ ಪದ್ಧತಿಯ ಬಗ್ಗೆ ಜಗಳವೇ ಆಗಿದೆ. ನೀರು ಕುಡಿಯದಿದ್ದರೆ ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಹೊಲಿಗೆ ಹಾಕಿದ ಜಾಗ ನೋಯುತ್ತದೆ. ಕಾಯಿಸಿ ಆರಿಸಿದ ನೀರಾದರೆ ಆಗಬಹುದು ಎಂದು ಈಗ ಅಜ್ಜಿಯರು ಒಪ್ಪುತ್ತಾರೆ. ಅಷ್ಟಾದರೂ ಆಗಲಿ.

ಹೋದ ತಿಂಗಳ ಕುಬಸದಲ್ಲಿ, ಬಾಣಂತಿಯರಿಗೆ ಕೇಳುವ ಆ ಪ್ರಶ್ನೆಗಳನ್ನೂ ಹೇಳಿದ ಮೇಲೆ, ಸೊಸೆಯ ಜೊತೆ ಬಂದಿದ್ದ ಅತ್ತೆಯೊಬ್ಬರು ಎಲ್ಲರೂ ಎದ್ದ ಮೇಲೂ ಕೂತೇ ಇದ್ದರು. ಹತ್ತಿರ ಹೋದೆ. "ಜಾರಿದಂಗ ಅಂದ್ರೆಲ್ಲ ಸಿಸ್ಟರ್," ಎಂದು ಮೆಲ್ಲಗೆ ಕೇಳಿದರು, "ನನ್ನ ಮಗ ಹುಟ್ಟಿದಾಗಿಂದ ಹಂಗ ಐತಿ. ಈಗ ಹೇಳಿದ್ರ ನಡೀತೈತೇನ್ರಿ?" ಆ ಮಗನಿಗೆ ಈಗ 26 ವರ್ಷ. ಅಲ್ಲೇ ಕೂತು ಚೀಟಿ ಬರೆದೆ. ಮಂಗಳವಾರ ಇಬ್ಬರೂ ಬಸ್ಸು ಹತ್ತಿದೆವು.