ಕ್ಯೂಬಾದ ಕಪ್ಪು ಬೀನ್ಸ್: ಒಂದು ರಾತ್ರಿ ಮಲಗಿಸಿದ ಮೇಲೇ ಬಡಿಸಿ

ಕಪ್ಪು ಬೀನ್ಸ್ ಪ್ಯಾಕೆಟ್ ತಂದಿಟ್ಟುಕೊಂಡು ಇದನ್ನೇನು ಮಾಡೋದು ಅಂತ ಕೇಳುವವರು ಈಗ ನಮ್ಮಲ್ಲೂ ಇದ್ದಾರೆ. ಹೆಚ್ಚಿನವರು ರಾಜ್ಮಾ ಮಾಡಿದ ಹಾಗೇ ಮಾಡಿ, ಮೇಲೆ ಗರಂ ಮಸಾಲೆ ಸುರಿದು, ಆಮೇಲೆ "ಅಂಥಾದ್ದೇನಿಲ್ಲ ಬಿಡಿ" ಅನ್ನುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ಮಯಾಮಿಗೆ ಮಗಳ ಬಾಣಂತನಕ್ಕೆ ಹೋದವಳು ಆರು ತಿಂಗಳು ಇದ್ದೆ, ಆಮೇಲೆ ಇನ್ನೂ ನಾಲ್ಕು ಸಲ ಹೋಗಿ ಬಂದೆ. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಕ್ಯೂಬಾದ ಹೆಂಗಸು. 1965ರಿಂದ 1973ರವರೆಗೆ ಕ್ಯೂಬಾದ ವರದೇರೋದಿಂದ ಮಯಾಮಿಗೆ ಜನರನ್ನು ಕರೆತರುವ ವಿಮಾನಗಳಿದ್ದವಲ್ಲ, ಅದರಲ್ಲಿ ಅಪ್ಪ ಅಮ್ಮನ ಜೊತೆ ಬಂದವರು. ಮೊಮ್ಮಗುವನ್ನು ನೋಡಲು ಬಂದಾಗ ನಾನು ಒಂದು ಬಟ್ಟಲು ಕೊಟ್ಟೆ. ರುಚಿ ನೋಡಿದರು, ಚೆನ್ನಾಗಿದೆ ಅಂದರು, ಪೂರ್ತಿ ತಿಂದರು ಕೂಡ. "ಆದರೆ ಇದು ಫ್ರಿಹೋಲೆಸ್ ನೆಗ್ರೋಸ್ ಅಲ್ಲ" ಅಂದರು. ಸ್ಪ್ಯಾನಿಷ್ ಭಾಷೆಯಲ್ಲಿ ಕಪ್ಪು ಬೀನ್ಸಿಗೆ ಹಾಗನ್ನುತ್ತಾರೆ. ಮಾರನೇ ದಿನ ತಮ್ಮದೇ ಕಾಳು ಹಿಡಿದುಕೊಂಡು ನಮ್ಮ ಅಡುಗೆಮನೆಗೇ ಬಂದುಬಿಟ್ಟರು!

ಮೊದಲು ಕಾಳಿನ ವಿಷಯ. ಇದು ಕಪ್ಪು ಕಡಲೆ ಅಲ್ಲ, ಇಡೀ ಉದ್ದೂ ಅಲ್ಲ. ನಾವು ಪಲ್ಯ ಮಾಡುವ ಹುರುಳಿಕಾಯಿ, ಅಂದರೆ ಬೀನ್ಸ್, ಆಮೇಲೆ ರಾಜ್ಮಾ, ಎಲ್ಲಾ ಒಂದೇ ಜಾತಿಯ ಗಿಡ. ಅದರಲ್ಲೇ ಒಂದು ಸಣ್ಣ ಕಪ್ಪು ಕಾಳಿನ ತಳಿ ಇದು. ಒಳಗೆ ಬೆಳ್ಳಗೆ, ಸಿಪ್ಪೆ ಮಾತ್ರ ಕಪ್ಪು. ಹಾಗಾಗಿ ಬಣ್ಣವೆಲ್ಲ ಸಿಪ್ಪೆಯಿಂದ ನೀರಿಗೆ ಇಳಿದು ಬರಬೇಕು, ಅದೇ ಈ ಅಡುಗೆಯ ಅಂದ. ತರುವಾಗ ಪ್ಯಾಕೆಟ್ ಮೇಲಿನ ದಿನಾಂಕ ನೋಡಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾಳು ಎಷ್ಟು ಬೇಯಿಸಿದರೂ ನಡುವೆ ಗಟ್ಟಿಯಾಗಿಯೇ ಇರುತ್ತದೆ, ಅದಕ್ಕೆ ಗ್ಯಾಸು ಸುಟ್ಟಿದ್ದಷ್ಟೇ ಲಾಭ. ಮೊರದಲ್ಲಿ ಹಾಕಿ ಒಂದು ಸಲ ಆರಿಸಿ. ಕಪ್ಪು ಕಾಳಿನಲ್ಲಿ ಕಪ್ಪು ಕಲ್ಲು ಕಣ್ಣಿಗೆ ಬೀಳುವುದಿಲ್ಲ, ಕೈಗೇ ಸಿಗಬೇಕು. ನನ್ನ ಒಂದು ಹಲ್ಲಿನ ಮೂಲೆ ಹೋಗಿದ್ದು ಹೀಗೇ.

ಅರ್ಧ ಕಿಲೋ ಕಾಳಿನ ಲೆಕ್ಕ ಹೇಳುತ್ತೇನೆ, ಎಂಟು ಜನಕ್ಕೆ ಧಾರಾಳ. ತೊಳೆದು ಎರಡೂವರೆ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಆ ನೀರಿಗೇ ಅರ್ಧ ಹಸಿರು ದೊಣ್ಣೆ ಮೆಣಸಿನಕಾಯಿ ಹಾಕಿಬಿಡಿ, ಪಕ್ಕದ ಮನೆಯವರು ಹಾಗೇ ಮಾಡುತ್ತಿದ್ದರು. ಎಂಟರಿಂದ ಹತ್ತು ಗಂಟೆ ಸಾಕು. ಬೇಸಿಗೆಯಲ್ಲಿ ಹೊರಗಿಟ್ಟರೆ ಬೆಳಿಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ, ಆಗ ಫ್ರಿಜ್ಜಿನಲ್ಲಿಡಿ. ನೆನೆಸಿದ ನೀರನ್ನು ಚೆಲ್ಲಬೇಕಾ ಬೇಡವಾ ಅನ್ನುವುದು ಮಯಾಮಿಯಲ್ಲೂ ಜಗಳದ ವಿಷಯವೇ. ಅವರು ಚೆಲ್ಲುತ್ತಿರಲಿಲ್ಲ, ಅದರಲ್ಲೇ ಬೇಯಿಸುತ್ತಿದ್ದರು, ಬಣ್ಣ ಇಂಕಿನ ಹಾಗೆ ಬರುತ್ತಿತ್ತು. ನಮ್ಮ ಮನೆಯವರಿಗೆ ಮಾತ್ರ ಅದು ತಿಂದರೆ ರಾತ್ರಿಯೆಲ್ಲಾ ಹೊಟ್ಟೆ ಗುಡುಗುಡು. ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆ ಹೊಟ್ಟೆಯಲ್ಲಿ ಜೀರ್ಣ ಆಗದೆ ಗ್ಯಾಸ್ ಮಾಡುತ್ತದೆ, ಅದರಲ್ಲಿ ಒಂದಿಷ್ಟು ನೆನೆಸಿದ ನೀರಿನ ಜೊತೆ ಹೋಗುತ್ತದೆ. ಹಾಗಾಗಿ ವಯಸ್ಸಾದವರಿರುವ ಮನೆಯಲ್ಲಿ ನೀರು ಚೆಲ್ಲಿ ಹೊಸ ನೀರು ಹಾಕಿ. ಬಣ್ಣ ಸ್ವಲ್ಪ ಕಮ್ಮಿ ಆಗುತ್ತದೆ, ಆಗಲಿ ಬಿಡಿ.

ನೀರು ಅಂದಮೇಲೆ ಇನ್ನೊಂದು ಮಾತು. ಬೋರ್‌ವೆಲ್ ಗಡಸು ನೀರಿನಲ್ಲಿ ಕಾಳು ಬೇಯುವುದಿಲ್ಲ ಅಂತ ನಮಗೆಲ್ಲ ಗೊತ್ತೇ ಇದೆ, ಆ ನೀರಿನ ಸುಣ್ಣದ ಅಂಶ ಸಿಪ್ಪೆಯನ್ನು ಬಿಗಿ ಮಾಡಿಬಿಡುತ್ತದೆ. ಬೆಂಗಳೂರಿಗೆ ವಾಪಸ್ ಬಂದು ಮೊದಲ ಸಲ ಮಾಡಿದಾಗ ಎರಡು ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಟಕ್ ಅನ್ನುತ್ತಿತ್ತು. ಕುಡಿಯುವ ಫಿಲ್ಟರ್ ನೀರು ಹಾಕಿ. ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಸುಳ್ಳಲ್ಲ. ಆದರೆ ಚಿಟಿಕೆಗಿಂತ ಜಾಸ್ತಿ ಆದರೆ ಸೋಪಿನ ರುಚಿ ಬರುತ್ತದೆ. ಅದಕ್ಕಿಂತ ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕುವುದು ಒಳ್ಳೆಯದು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ನಮ್ಮಮ್ಮನೂ ಹೇಳುತ್ತಿದ್ದರು, ನಾನೂ ನಲವತ್ತು ವರ್ಷ ನಂಬಿದ್ದೆ. ಅದು ಹಾಗಲ್ಲ. ಉಪ್ಪು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ, ಒಡೆಯುವುದೂ ಕಮ್ಮಿ. ಬೇಯದಂತೆ ತಡೆಯುವುದು ಹುಳಿ. ಟೊಮ್ಯಾಟೊ, ವಿನೆಗರ್, ನಿಂಬೆಹಣ್ಣು ಯಾವುದನ್ನೂ ಕಾಳು ಪೂರ್ತಿ ಮೆತ್ತಗಾಗುವ ತನಕ ಹತ್ತಿರ ತರಬೇಡಿ. ನೆನೆಸಿದ ಉಪ್ಪುನೀರಿನಲ್ಲೇ ಬೇಯಿಸುವುದಾದರೆ ಆಮೇಲೆ ಹಾಕುವ ಉಪ್ಪನ್ನು ಅಷ್ಟು ಕಮ್ಮಿ ಮಾಡಿಕೊಳ್ಳಿ.

ಇನ್ನು ಬೇಯಿಸುವುದು. ಪಾತ್ರೆಯಲ್ಲಾದರೆ ಒಂದು ಬಿರಿಯಾನಿ ಎಲೆ, ಅರ್ಧ ಈರುಳ್ಳಿ ಹಾಕಿ, ಮೊದಲ ಹತ್ತು ನಿಮಿಷ ಜೋರಾಗಿ ಕುದಿಸಿ, ಆಮೇಲೆ ಸಣ್ಣ ಉರಿಯಲ್ಲಿ ಒಂದೂವರೆ ಎರಡು ಗಂಟೆ. ಆ ಹತ್ತು ನಿಮಿಷ ತಪ್ಪಿಸಬೇಡಿ. ಈ ಜಾತಿಯ ಹಸಿಕಾಳಿನಲ್ಲಿ ವಾಂತಿ ಭೇದಿ ಮಾಡಿಸುವ ಒಂದು ನಂಜು ಇರುತ್ತದೆ, ಕೆಂಪು ರಾಜ್ಮಾದಲ್ಲಿ ಇನ್ನೂ ಜಾಸ್ತಿ, ಚೆನ್ನಾಗಿ ಕುದಿಸಿದರೆ ಹೋಗುತ್ತದೆ. ಅಮೆರಿಕದಲ್ಲಿರುವ ಹುಡುಗರು ಬೆಳಿಗ್ಗೆ ಸ್ಲೋ ಕುಕ್ಕರಿಗೆ ನೇರವಾಗಿ ಕಾಳು ಹಾಕಿ ಆಫೀಸಿಗೆ ಹೋಗಿಬಿಡುತ್ತೀರಲ್ಲ, ಅದು ಬೇಡ. ಅದರಲ್ಲಿ ಅಷ್ಟು ಕಾವು ಬರದೆ ಇರಬಹುದು. ಮೊದಲು ಒಲೆಯ ಮೇಲೆ ಕುದಿಸಿ, ಆಮೇಲೆ ಅದಕ್ಕೆ ಹಾಕಿ.

ಪ್ರೆಶರ್ ಕುಕ್ಕರ್ ಅಂದರೆ ಮೋಸ ಅಂದುಕೊಳ್ಳಬೇಡಿ, ಕ್ಯೂಬಾದವರೇ ಕುಕ್ಕರಿನಲ್ಲಿ ಮಾಡುತ್ತಾರೆ. 2005ರಲ್ಲಿ ಮಹಿಳಾ ದಿನದಂದು ಫಿಡೆಲ್ ಕ್ಯಾಸ್ಟ್ರೋ ಭಾಷಣ ಮಾಡಿ ಮನೆಮನೆಗೆ ಪ್ರೆಶರ್ ಕುಕ್ಕರ್, ಅನ್ನದ ಕುಕ್ಕರ್ ಕೊಡುತ್ತೇವೆ ಅಂತ ಹೇಳಿದ್ದರು. ಪಕ್ಕದ ಮನೆಯವರಿಗೆ ಕ್ಯಾಸ್ಟ್ರೋ ಹೆಸರೆತ್ತಿದರೆ ಆಗುತ್ತಿರಲಿಲ್ಲ, ಆದರೂ "ಕುಕ್ಕರ್ ವಿಷಯದಲ್ಲಿ ಮಾತ್ರ ಸರಿ" ಅಂತ ನಗುತ್ತಿದ್ದರು. ನೆನೆದ ಕಾಳಿಗೆ ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬೇಡಿ, ಒಂದು ಚಮಚ ಎಣ್ಣೆ ಹಾಕಿ, ನೊರೆ ತಡೆಯುತ್ತದೆ. ನಾನು ಒಂದು ಸಲ ಸೋಮಾರಿತನದಿಂದ ಕಂಠಮಟ್ಟ ತುಂಬಿದ್ದೆ. ಸಿಪ್ಪೆ ಹೋಗಿ ತೂತಿಗೆ ಸಿಕ್ಕಿಕೊಂಡು, ಕರೀ ನೀರು ಮಗಳ ಬಿಳೀ ಗೋಡೆಗೆಲ್ಲ ಪಿಚಕಾರಿ ಹೊಡೆದ ಹಾಗೆ ಹಾರಿತು. ಅಳಿಯ ಏನೂ ಅನ್ನಲಿಲ್ಲ ಪಾಪ, ಸುಮ್ನೆ ಬಟ್ಟೆ ತಂದು ಒರೆಸಿದ.

ಈಗ ಬಂತು ನೋಡಿ ಮುಖ್ಯ ಕೆಲಸ, ಸೊಫ್ರಿತೋ. ನಮ್ಮ ಒಗ್ಗರಣೆ ಅಂದುಕೊಂಡರೆ ಅರ್ಧ ಸರಿ, ಅರ್ಧ ತಪ್ಪು. ಒಗ್ಗರಣೆ ಚಟಪಟ ಅಂತ ಒಂದು ನಿಮಿಷದ ಕೆಲಸ, ಸದ್ದು ಬರಬೇಕು. ಸೊಫ್ರಿತೋ ಸದ್ದೇ ಮಾಡಬಾರದು. ಕಾಲು ಕಪ್ ಆಲಿವ್ ಎಣ್ಣೆ ಹಾಕಿ, ಹೌದು ಅಷ್ಟೂ ಬೇಕು. ಒಂದು ದೊಡ್ಡ ಈರುಳ್ಳಿ, ಒಂದು ಹಸಿರು ದೊಣ್ಣೆ ಮೆಣಸಿನಕಾಯಿ, ಎರಡನ್ನೂ ಸಣ್ಣಗೆ ಹೆಚ್ಚಿ ಹದಿನೈದು ನಿಮಿಷ ನಿಧಾನಕ್ಕೆ ಬಾಡಿಸಿ. ಕೆಂಪಾಗಬಾರದು, ಕರಗಬೇಕು. ನನಗೆ ಈ ತಾಳ್ಮೆ ಇರಲಿಲ್ಲ, ಉರಿ ಜೋರು ಮಾಡಲು ಕೈ ಹಾಕಿದಾಗಲೆಲ್ಲ ಆಯಮ್ಮ ಕೈಗೆ ಮೆಲ್ಲಗೆ ಏಟು ಕೊಡುತ್ತಿದ್ದರು. ಆಮೇಲೆ ಆರು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಚಿಕ್ಕ ಚಮಚ ಜೀರಿಗೆ ಪುಡಿ, ಅಷ್ಟೇ ಒರೆಗಾನೋ. ಬೆಳ್ಳುಳ್ಳಿ ಹಾಕಿದ ಮೇಲೆ ಒಂದು ನಿಮಿಷ ಸಾಕು, ಸೀದರೆ ಇಡೀ ಪಾತ್ರೆ ಕಹಿ. ಇದರ ಮೇಲೆ ಎರಡು ಸೌಟು ಬೆಂದ ಕಾಳನ್ನು ಹಾಕಿ ಸೌಟಿನ ಹಿಂಭಾಗದಿಂದ ಚೆನ್ನಾಗಿ ಮಸೆಯಿರಿ, ಆಮೇಲೆ ಎಲ್ಲವನ್ನೂ ದೊಡ್ಡ ಪಾತ್ರೆಗೆ ಸುರಿಯಿರಿ. ಮಸೆದ ಕಾಳೇ ಸಾರನ್ನು ಗಟ್ಟಿ ಮಾಡುತ್ತದೆ. ಕಾರ್ನ್‌ಫ್ಲೋರ್, ಕಡಲೆಹಿಟ್ಟು ಏನೂ ಹಾಕುವುದಕ್ಕೆ ಹೋಗಬೇಡಿ.

ಖಾರ ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ಖಾರ ಇಲ್ಲ. ಕ್ಯೂಬಾದ ಮನೆ ಅಡುಗೆಯಲ್ಲಿ ಖಾರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಮೆಕ್ಸಿಕೋ ಅಡುಗೆಯ ಜೊತೆ ಸೇರಿಸಿ ಮಾತಾಡಿದರೆ ಅವರಿಗೆ ಸಿಟ್ಟು ಬರುತ್ತದೆ. ಅಹಿ ಕಚೂಚ ಅಂತ ಒಂದು ಪುಟ್ಟ ಮೆಣಸಿನಕಾಯಿ ಹಾಕುತ್ತಾರೆ, ನೋಡಿದರೆ ಭಯ ಆಗುತ್ತದೆ, ಕಚ್ಚಿದರೆ ಬರೀ ಘಮ. ನಮಗದು ಸಿಗುವುದಿಲ್ಲ, ದೊಣ್ಣೆ ಮೆಣಸಿನಕಾಯಿಯೇ ಸಾಕು. ಮೊದಲ ಸಲ ಖಾರವಿಲ್ಲದೆ ತಿನ್ನಿ, ಆಮೇಲೆ ಬೇಕಾದರೆ ತಟ್ಟೆಯ ಪಕ್ಕ ಉಪ್ಪಿನಕಾಯಿ ಇಟ್ಟುಕೊಳ್ಳಿ, ನಾನು ಇಟ್ಟುಕೊಳ್ಳುತ್ತೇನೆ.

ಒರೆಗಾನೋ ಇಲ್ಲ ಅಂತ ಅಂಗಡಿಗೆ ಓಡಬೇಡಿ. ನಿಮ್ಮ ಹಿತ್ತಿಲಲ್ಲಿ ದೊಡ್ಡಪತ್ರೆ ಇದೆಯಲ್ವಾ, ಮಕ್ಕಳ ಕೆಮ್ಮಿಗೆ ಬಾಡಿಸಿ ರಸ ಹಿಂಡುತ್ತೇವಲ್ಲ, ತಂಬುಳಿ ಮಾಡುತ್ತೇವಲ್ಲ, ಅದನ್ನು ಇಂಗ್ಲಿಷಿನವರು ಕ್ಯೂಬನ್ ಒರೆಗಾನೋ ಅಂತಲೇ ಕರೆಯುತ್ತಾರೆ. ಮಯಾಮಿಯಲ್ಲಿ ಪಕ್ಕದ ಮನೆ ಕುಂಡದಲ್ಲಿ ಅದನ್ನು ಕಂಡು ನನಗೆ ತವರುಮನೆಯವರು ಸಿಕ್ಕಷ್ಟು ಖುಷಿ ಆಗಿತ್ತು. ಎರಡು ದಪ್ಪ ಎಲೆ ಸಣ್ಣಗೆ ಹೆಚ್ಚಿ ಸೊಫ್ರಿತೋಗೆ ಹಾಕಿ, ಅದಕ್ಕಿಂತ ಜಾಸ್ತಿ ಬೇಡ, ಘಾಟು. ನನ್ನನ್ನು ಕೇಳಿದರೆ ಒಣ ಒರೆಗಾನೋಗಿಂತ ಇದೇ ಚೆಂದ.

ಸೊಫ್ರಿತೋ ಸೇರಿಸಿದ ಮೇಲೆ ಉಪ್ಪು ನೋಡಿ, ಒಂದೂವರೆ ಚಿಕ್ಕ ಚಮಚ ಸಕ್ಕರೆ ಹಾಕಿ, ಮುಚ್ಚಳ ತೆಗೆದು ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬಿಡಿ. ಮೈಸೂರು ಕಡೆಯವರಿಗೆ ಬೆಲ್ಲ ಹಾಕಲು ಕೈ ತುರಿಸುತ್ತದೆ. ಹಾಕಬಹುದು, ಆದರೆ ಸಿಹಿ ಗೊತ್ತಾಗಬಾರದು. ಕೊನೆಗೆ ಎರಡು ದೊಡ್ಡ ಚಮಚ ವಿನೆಗರ್. ಹಾಕಿದ ತಕ್ಷಣ ರುಚಿ ಎದ್ದು ನಿಲ್ಲುತ್ತದೆ, ಅಲ್ಲಿಯವರೆಗೆ ಮಣ್ಣುಮಣ್ಣು ಅನ್ನಿಸಿದ್ದು ಹೋಗುತ್ತದೆ. ನಿಂಬೆರಸವೂ ನಡೆಯುತ್ತದೆ, ಹುಣಸೆಹಣ್ಣು ಬೇಡ, ಅದು ಹೋಗಿ ಸಾರಿನ ಕಡೆಗೆ ಎಳೆದುಕೊಂಡು ಹೋಗುತ್ತದೆ.

ಇಷ್ಟಾದ ಮೇಲೆ ಎಲ್ಲರೂ ತಟ್ಟೆ ಹಿಡಿದು ಬರುತ್ತಾರೆ. ಕೊಡಬೇಡಿ. ಕ್ಯೂಬಾದವರು ಇದಕ್ಕೆ "ದೊರ್ಮಿದೋಸ್" ಅನ್ನುತ್ತಾರೆ, ಮಲಗಿದ ಕಾಳು ಅಂತ ಅರ್ಥ. ರಾತ್ರಿಯಿಡೀ ಮಲಗಿದ ಮೇಲೆ ಸಾರು ಕೆನೆಯ ಹಾಗೆ ಗಟ್ಟಿಯಾಗಿ, ಉಪ್ಪು ಹುಳಿ ಕಾಳಿನ ಒಳಗೆ ಹೋಗಿರುತ್ತದೆ. ನಮ್ಮ ಹಾಸನದ ಕಡೆ ಹುರುಳಿ ಕಟ್ಟಿನ ಸಾರು, ಬಸ್ಸಾರು ಮಾರನೇ ದಿನಕ್ಕೇ ರುಚಿ ಅನ್ನುವುದಿಲ್ಲವಾ, ಅದೇ ಲೆಕ್ಕ. ಹಳೇ ಕಾಲದವರು ಒಲೆಯ ಮೇಲೇ ಬಿಡುತ್ತಿದ್ದರಂತೆ, ನೀವು ಹಾಗೆ ಮಾಡಬೇಡಿ. ಅಗಲ ಪಾತ್ರೆಗೆ ಹಾಕಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಬೆಳಿಗ್ಗೆ ಸ್ವಲ್ಪ ನೀರು ಹಾಕಿ ಕುದಿ ಬರಿಸಿ, ಬಡಿಸುವ ಮುಂಚೆ ಮೇಲೊಂದು ಚಮಚ ಹಸಿ ಆಲಿವ್ ಎಣ್ಣೆ ಬಿಡಿ, ನಾವು ಬಿಸಿ ಅನ್ನದ ಮೇಲೆ ತುಪ್ಪ ಬಿಡುತ್ತೇವಲ್ಲ ಹಾಗೆ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ.

ಡಬ್ಬಿಯ ಬೀನ್ಸ್ ಆಗುತ್ತದಾ ಅಂದರೆ, ಆಗುತ್ತದೆ, ಮನೆಗೆ ಸುಸ್ತಾಗಿ ಬಂದ ದಿನಕ್ಕೆ. ಸೊಫ್ರಿತೋ ಮಾತ್ರ ಪೂರ್ತಿ ಮಾಡಿ. ಡಬ್ಬಿಯ ನೀರಲ್ಲೇ ಉಪ್ಪಿರುತ್ತದೆ, ಮೇಲೆ ಹಾಕಬೇಡಿ.

ಇದಕ್ಕೆ ಜೊತೆ ಬಿಳೀ ಅನ್ನ. ಸೋನಾ ಮಸೂರಿ ಆದೀತು, ಉದುರುದುರಾಗಿರಬೇಕು ಅಷ್ಟೆ. ಅನ್ನವನ್ನೂ ಕಾಳನ್ನೂ ಒಟ್ಟಿಗೇ ಬೇಯಿಸಿದರೆ ಅದರ ಹೆಸರು ಮೋರೋಸ್ ಈ ಕ್ರಿಸ್ತಿಯಾನೋಸ್, ಸ್ಪೇನ್ ದೇಶದ ಹಳೇ ಮೂರರು (ಅಂದರೆ ಅಲ್ಲಿದ್ದ ಮುಸ್ಲಿಮರು) ಮತ್ತು ಕ್ರೈಸ್ತರ ಕಥೆಯಿಂದ ಬಂದ ಹೆಸರು, ಕಾಳು ಮೂರರು, ಅನ್ನ ಕ್ರೈಸ್ತರು. ಕ್ಯೂಬಾದ ಪೂರ್ವಕ್ಕೆ, ಸಾಂತಿಯಾಗೋ ಕಡೆ, ಕೆಂಪು ಕಾಳು ಹಾಕಿ ಮಾಡುತ್ತಾರೆ, ಅದಕ್ಕೆ ಕಾಂಗ್ರೀ ಅನ್ನುತ್ತಾರೆ. ಕ್ರಿಸ್ಮಸ್ ಹಿಂದಿನ ರಾತ್ರಿ ಊಟಕ್ಕೆ ಕಪ್ಪು ಬೀನ್ಸ್ ಇರಲೇಬೇಕು, ಜೊತೆಗೆ ಬೆಳ್ಳುಳ್ಳಿ ಹುಳಿ ಹಾಕಿದ ಮರಗೆಣಸು, ಅವರಿಗೆ ಹಂದಿ ಮಾಂಸ. ಸಸ್ಯಾಹಾರಿಗಳು ಹೋಟೆಲಿನಲ್ಲಿ ಕೇಳಿಯೇ ತಿನ್ನಿ, ಕಾಳಿನಲ್ಲಿ ಮಾಂಸದ ತುಂಡಿರಬಹುದು, ಅನ್ನಕ್ಕೆ ಹಂದಿ ಕೊಬ್ಬು ಹಾಕಿರಬಹುದು. ಮನೆಯಲ್ಲಿ ಮಾಂಸವಿಲ್ಲದೆ ಮಾಡುವವರೂ ಬೇಕಾದಷ್ಟು ಜನ ಇದ್ದಾರೆ, ಪಕ್ಕದ ಮನೆಯವರು ನನಗೋಸ್ಕರ ಹಾಗೇ ಮಾಡುತ್ತಿದ್ದರು. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ನೇಂದ್ರ ಬಾಳೆಯನ್ನು ಓರೆಯಾಗಿ ಹೆಚ್ಚಿ ಎಣ್ಣೆಯಲ್ಲಿ ಕರಿದು ಪಕ್ಕಕ್ಕಿಡಿ, ಈ ಕಾಳಿಗೂ ಅದಕ್ಕೂ ಅದೇನು ನಂಟೋ.

ಉಳಿದಿದ್ದನ್ನು ನಾನು ರಾಗಿ ರೊಟ್ಟಿಗೆ ಹಚ್ಚಿಕೊಂಡು ತಿಂದೆ, ಒಂದು ದಿನ ಅವರ ಎದುರಿಗೇ. ಮೊದಲು ಹಣೆ ಚಚ್ಚಿಕೊಂಡರು. ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಏನೂ ಮಾತಾಡದೆ, ಇನ್ನೊಂದು ರೊಟ್ಟಿ ತಟ್ಟು ಅಂತ ಕೈಸನ್ನೆ ಮಾಡಿದರು.