ಕನ್ನಡ ಎಂ.ಎ. ಓದಿದೆ, ಮಲಯಾಳ ಕೆಲಸಕ್ಕೆ ಬಂತು

"ಬಿ.ಎ. ಕನ್ನಡ ಮಾಡಿ ಎಂತ ಮಾಡ್ತಿ?" ಪ್ಲಸ್ ಟು ಮುಗಿದಾಗ ದೊಡ್ಡಮಾವ ಹೀಗೆ ಕೇಳಿದ್ದರು. ಸಿಟ್ಟಿನಿಂದ ಕೇಳಿದ್ದಲ್ಲ. ಕಾಸರಗೋಡಿನಲ್ಲಿ ಕನ್ನಡ ಓದಿದವರಿಗೆ ಮಾಷ್ಟ್ರ ಕೆಲಸ ಬಿಟ್ಟರೆ ಬೇರೆ ದಾರಿ ಇಲ್ಲ ಅಂತ ಅವರ ಚಿಂತೆ. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಓದುವ ಆಸೆ ಮಾತ್ರ ಇತ್ತು.

ಕಾಸರಗೋಡು ಸರಕಾರಿ ಕಾಲೇಜಿಗೆ ಸೇರಿದೆ. ಈ ಊರು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಶುರುವಾದ ಕಾಲೇಜು ಅದು. ಬಿ.ಎ., ಎಂ.ಎ. ಎರಡೂ ಅಲ್ಲೇ ಮುಗಿಸಿದೆ. ಆಮೇಲೆ ಬಿ.ಎಡ್. ಹೈಸ್ಕೂಲಿನಲ್ಲಿ ಕನ್ನಡ ಕಲಿಸಬೇಕಾದರೆ ಕೆ-ಟೆಟ್ ಎಂಬ ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೂಡ ಪಾಸಾಗಬೇಕು. 150 ಅಂಕಕ್ಕೆ 90 ಬೇಕಿತ್ತು. ಮೊದಲ ಸಲ ನನಗೆ ಬಂದದ್ದು 86. ಸಾಹಿತ್ಯದ ಪ್ರಶ್ನೆಗಳಲ್ಲಿ ಸೋತಿರಲಿಲ್ಲ, ಹದಿಹರೆಯದವರ ಮನಶ್ಶಾಸ್ತ್ರವನ್ನು ಸುಮ್ನೆ ಮೇಲುಮೇಲಕ್ಕೆ ಓದಿದ್ದೆ. ಎರಡನೇ ಸಲ ಪಾಸಾದೆ. ಆದರೆ ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿ.ಎಸ್.ಸಿ.ಯ ರ‍್ಯಾಂಕ್ ಪಟ್ಟಿಗೆ ಕಾಯುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ ಅಲ್ವಾ?

ಆ ದಿನಗಳಲ್ಲಿ ಊರಿನ ಅಕ್ಷಯ ಕೇಂದ್ರದಲ್ಲಿ, ಅಂದರೆ ಸರಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕಡೆ, ಅರ್ಜಿ ಬರೆದುಕೊಡಲು ಕೂತೆ. ವಯಸ್ಸಾದ ಅಮ್ಮಂದಿರು ಮಲಯಾಳದ ನೋಟಿಸು ಹಿಡಿದು ಬರುತ್ತಿದ್ದರು. "ಇದರಲ್ಲಿ ಎಂತ ಉಂಟು, ಓದಿ ಹೇಳು" ಅನ್ನುತ್ತಿದ್ದರು. ಮಾತಾಡುವ ಮಲಯಾಳ ನನಗೆ ಚಿಕ್ಕಂದಿನಿಂದ ಗೊತ್ತು. ಕಚೇರಿಯ ಮಲಯಾಳ ಬೇರೆಯೇ. ಒಂದು ವಾಕ್ಯ ಅರ್ಧ ಪುಟ ಓಡುತ್ತದೆ. ಅಲ್ಲಿ ನನ್ನನ್ನು ಉಳಿಸಿದ್ದು ಹಳಗನ್ನಡ. ಪಂಪನ ಪದ್ಯವನ್ನು ಬಿಡಿಸುವಾಗ ಮೊದಲು ಕ್ರಿಯಾಪದ ಹುಡುಕು, ಆಮೇಲೆ ಯಾರು, ಯಾರಿಗೆ ಅಂತ ಕೇಳು ಎಂದು ನಮಗೆ ಕಲಿಸಿದ್ದರು. ಸರಕಾರಿ ಆದೇಶವನ್ನೂ ಹಾಗೆಯೇ ಬಿಡಿಸಿದೆ. ಸಾಹಿತ್ಯದ ಓದು ಯಾವ ಕೆಲಸಕ್ಕೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಜಾಸ್ತಿ ಕಷ್ಟ ಕೊಟ್ಟದ್ದು ಎರಡೂ ಭಾಷೆಗಳಲ್ಲಿ ಒಂದೇ ಥರ ಕಾಣುವ ಶಬ್ದಗಳು. ಮಲಯಾಳದ 'ಅವಕಾಶಂ' ಅಂದರೆ ಹಕ್ಕು, 'ನಿಯಮಂ' ಅಂದರೆ ಕಾನೂನು. 'ವಿವರಾವಕಾಶ ನಿಯಮಂ' ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಅವಕಾಶವನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಜನರ ಹಕ್ಕು ಯಾರೋ ದಯೆಯಿಂದ ಕೊಟ್ಟ ಅವಕಾಶವಾಗಿ ಬಿಡುತ್ತದೆ. 'ಅಪೇಕ್ಷ' ಅಂದರೆ ಅರ್ಜಿ. 'ಉಪನ್ಯಾಸಂ' ಅಂದರೆ ಪ್ರಬಂಧ. 'ಅನುವಾದಂ' ಅಂದರೆ ಅನುಮತಿ! ನಾನು ಮಾಡುವ ಕೆಲಸಕ್ಕೆ ಅವರು ಹೇಳುವುದು 'ಪರಿಭಾಷ', ಕೆಲವೊಮ್ಮೆ 'ವಿವರ್ತನಂ'. ಇಂಥ ಶಬ್ದ ಸಿಕ್ಕಿದಾಗೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಡಗಡೆ ಮಲಯಾಳ, ಬಲಗಡೆ ಕನ್ನಡ, ಕೆಳಗೆ ಅದು ಬಂದ ವಾಕ್ಯ. ವಾಕ್ಯ ಇಲ್ಲದೆ ಬರೀ ಅರ್ಥ ಬರೆದುಕೊಂಡರೆ ಉಪಯೋಗ ಕಡಿಮೆ.

ಒಮ್ಮೆ ಒಂದು ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿಯನ್ನು ತಿರುಗಿಸಿ ಕೊಟ್ಟರು. ಮಲಯಾಳದಲ್ಲಿ ಬರೆದು ತನ್ನಿ ಅಂದರು. ತುಂಬ ಬೇಸರವಾಯಿತು. ಆಮೇಲೆ ಹುಡುಕಿ ಓದಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಹಾಗಾದರೆ ಬರೆಯುವವರು, ಅನುವಾದಿಸುವವರು ಬೇಕೇ ಬೇಕು ಅಲ್ವಾ? ಅಂದೇ ನನಗೆ ಮಾಷ್ಟ್ರ ಕೆಲಸದ ಆಚೆಗೂ ಒಂದು ದಾರಿ ಕಂಡಿತು. ಮೊದಲು ಪರಿಚಯದವರ ಕರಪತ್ರಗಳನ್ನು ಅನುವಾದಿಸಿದೆ. ಆಮೇಲೆ ತರಬೇತಿಯ ಕೈಪಿಡಿಗಳು ಬಂದವು. ಪುಟದ ಲೆಕ್ಕದಲ್ಲಿ ದುಡ್ಡು.

ಈಗ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ರಾತ್ರಿ ಅನುವಾದ ಮಾಡುತ್ತೇನೆ. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದವರು ಎಂ.ಎ. ಓದುವಾಗಲೇ ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ಗೆ ತಯಾರಾಗಿ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇಕಡಾ 55 ಬೇಕು. ಹೈಯರ್ ಸೆಕೆಂಡರಿಗಾದರೆ ಬಿ.ಎಡ್. ಜೊತೆ ಸೆಟ್ ಎಂಬ ಕೇರಳದ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಹೋದ ತಿಂಗಳು ದೊಡ್ಡಮಾವನ ಮೊಮ್ಮಗಳು ಬಿ.ಎ. ಕನ್ನಡಕ್ಕೆ ಸೇರಿದಳು. ಅವಳನ್ನು ಮಾವನೇ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ನನ್ನ ಹಳೇ ನೋಟ್‌ಬುಕ್ಕನ್ನು ಅವಳಿಗೆ ಕೊಟ್ಟೆ. ಅದರಲ್ಲಿ ಇನ್ನೂ ಅರ್ಧ ಪುಟಗಳು ಖಾಲಿ ಇವೆ.